ಅಂದಾಜು

ಮೊದಲು ಬಟ್ಟೆ ಕಪಾಟಿನ ಮೂಲೆ ತೋರಿಸಿ ಅಂದೆ.
ನಡುಮನೆ ಸುಳ್ಳು ಹೇಳುತ್ತದೆ, ಕಪಾಟು ಹೇಳುವುದಿಲ್ಲ.
ಇಕ್ಕಳದಲ್ಲಿ ತುದಿ ಹಿಡಿದು ಜಗ್ಗಿದೆ,
ಚರ್ರೆಂದು ಬಿಟ್ಟುಕೊಂಡಿತು ಕಾರ್ಪೆಟ್ಟು.
ಅಡಿಯ ಸ್ಪಂಜು ಒಣ ಬ್ರೆಡ್ಡಿನಂತೆ ಉದುರಿತು.
ಕೆಳಗೆ ಓಕ್.

"ಅಯ್ಯೋ, ಮರ!" ಅಂದಳು ಕೊರಿನ್, ಕೊಪ್ಪರಿಗೆ ಸಿಕ್ಕವಳ ಹಾಗೆ.
ಯೂಕ್ಲಿಡ್ಡಿನ ಈ ಬೀದಿಯ ಅಷ್ಟೂ ಮನೆಗಳಲ್ಲಿ ಇದೆ ತಾಯಿ,
ಯುದ್ಧ ಮುಗಿಸಿ ಬಂದವರಿಗೆಂದು
ಒಂದೇ ಅಚ್ಚಿನಲ್ಲಿ ಕಟ್ಟಿದವು ಇವು.
ಹೇಳಲಿಲ್ಲ.
ಇಪ್ಪತ್ತು ದಿನದ ಹಿಂದೆ ಬೀಗದ ಕೈ ಸಿಕ್ಕವರು,
ಅವರ ಖುಷಿಗೆ ನಾನೇಕೆ ಮೊಳೆ ಹೊಡೆಯಲಿ?

ಟೆರೆಲ್ ಫೋನು ಮುಂದೆ ಹಿಡಿದ: ಬೂದಿಬಣ್ಣದ ನೆಲ,
ಬೂದಿಬಣ್ಣದ ಗೋಡೆ, ಬೂದಿಬಣ್ಣದ ನಾಯಿ.
ಆಗುತ್ತದೆ, ಅಂದೆ. ಐದು ವರ್ಷಕ್ಕೆ ಬೇಜಾರೂ ಆಗುತ್ತದೆ.

ಅಡುಗೆಮನೆಯ ಒಂಬತ್ತಿಂಚಿನ ಚೌಕಗಳನ್ನು ಮುಟ್ಟಬೇಡಿ.
ಒಂದು ಚೂರೂ ಕೀಳಬೇಡಿ, ಉಜ್ಜಲೇಬೇಡಿ.
ಕಲ್ನಾರು ಇದ್ದೀತು, ಪರೀಕ್ಷೆ ಮಾಡುವವರು ಬೇರೆ ಇದ್ದಾರೆ.
ಮಲಗುವ ಕೋಣೆಯ ಕಪ್ಪು ಕಲೆ ಹೋಗುವುದಿಲ್ಲ:
ಬೆಕ್ಕು ಸತ್ತಿರುತ್ತದೆ, ಅದರ ಉಚ್ಚೆ ಸಾಯುವುದಿಲ್ಲ.
ಮೂರು ಹಲಗೆ ಬದಲಿಸೋಣ.

ಬಿಸಿಗಾಳಿಯ ಜಾಲರಿ ಎತ್ತಿ
ಹಲಗೆಯ ಅಂಚಿಗೆ ಅಳತೆಪಟ್ಟಿ ಹಿಡಿದೆ.
ಒಂದನ್ನೊಂದು ಕಚ್ಚಿಕೊಂಡ ನಾಲಗೆಯ ಮೇಲೆ
ಉಳಿದದ್ದು ಒಂದು ನಾಣ್ಯದ ದಪ್ಪ.
ಇನ್ನೊಂದೇ ಸಲ ಉಜ್ಜಬಹುದು.
ಆಮೇಲೆ ಮೊಳೆಗಳು ತಲೆ ಎತ್ತುತ್ತವೆ.

ಆಮೇಲೆ ಬೀದಿ ಕಡೆಯ ದೊಡ್ಡ ಕಿಟಕಿ.
ಕಾರ್ಪೆಟ್ಟಿನಲ್ಲಿ ನಾಲ್ಕು ಕುಳಿ, ಕುರ್ಚಿಯ ಕಾಲಿನವು,
ಬೆರಳಿಟ್ಟರೆ ಮೊದಲ ಗೆಣ್ಣು ಮುಳುಗುವಷ್ಟು.
ಸುತ್ತಿ ಹಿಂದಕ್ಕೆ ತಳ್ಳಿದೆ.
ಮಂಡಿಗೆ ನನಗಿಂತ ಮೊದಲು ಗೊತ್ತಾಯಿತು:
ಅರ್ಧಚಂದ್ರದಂಥ ತಗ್ಗು.

ನನಗೆ ಹತ್ತೊಂಬತ್ತು. ಮೊದಲ ಮನೆ.
ಯಜಮಾನ ಸ್ಟಾಂಕೊ ಬೆಳಗಿಂದ ಒಂದೇ ಮಾತು:
ಡ್ರಮ್ಮು ನೆಲ ಮುಟ್ಟಿದ ಮೇಲೆ ನಿಲ್ಲಬೇಡ,
ಭೂಮಿ ಬಾಯಿ ಬಿಟ್ಟರೂ ನಿಲ್ಲಬೇಡ.
ಕಿಟಕಿಯಾಚೆ ಒಬ್ಬಳು ಕೆಂಪು ಕಾರು ತೊಳೆಯುತ್ತಿದ್ದಳು.
ನಿಂತೆ,
ಮೂರು ಎಣಿಸುವಷ್ಟು.

ಸ್ಟಾಂಕೊ ಊಟಕ್ಕೆ ಹೋಗಿದ್ದ.
ಶ್ರೀಮತಿ ಹೋಚೆವಾರ್ ಬಂದರು, ಚಪ್ಪಲಿ ಕಳಚಿ,
ಬರಿಗಾಲನ್ನು ಆ ತಗ್ಗಿನಲ್ಲಿಟ್ಟು ಒಮ್ಮೆ ಆಡಿಸಿದರು.
ನನ್ನ ಮುಖ ನೋಡಲಿಲ್ಲ.
ಹಿತ್ತಲಿನಿಂದ ತಾವೇ ಕುರ್ಚಿ ಎಳೆದು ತಂದರು.
"ಇಲ್ಲಿ ಬೆಳಕು ಚೆನ್ನಾಗಿದೆ, ಹೊಲಿಯೋಕೆ.
ವಾರ್ನಿಷ್ ಒಣಗಿದ ಮೇಲೆ ಇದನ್ನು ಇಲ್ಲೇ ಇಡು."

ಕಾರ್ಪೆಟ್ಟು ಬಂದು ತಗ್ಗು ಮುಚ್ಚಿತು.
ಕುರ್ಚಿ ಕದಲಿರಲಿಲ್ಲ.

"ಇದು ಯಾರು ಮಾಡಿದ್ದು?" ಕೊರಿನ್ ಕೇಳಿದಳು.
ಯಾವನೋ ಹುಡುಗ, ಕೆಲಸ ಕಲಿಯುತ್ತಿದ್ದ.
"ದಡ್ಡ ನನ್ಮಗ," ಅಂದ ಟೆರೆಲ್.
ಹೌದು, ಅಂದೆ.
ತೆಗೆಯಲು ಬರುತ್ತದೆಯೇ?
ಬರುವುದಿಲ್ಲ. ಅದರಷ್ಟು ಆಳಕ್ಕೆ ಸಮ ಮಾಡಹೊರಟರೆ
ಇಡೀ ಕೋಣೆ ಹೋಗುತ್ತದೆ.

ಕಿಟಕಿಗಟ್ಟೆಯ ಮೇಲೆ ಕಾಗದ ಇಟ್ಟು ಬರೆದೆ:
ಕಾರ್ಪೆಟ್ಟು ಕಿತ್ತು ಸಾಗಿಸಲು, ಸ್ಟೇಪಲ್ ಕೀಳಲು,
ಮೂರು ಹಲಗೆ, ಮೂರು ದರ್ಜೆಯ ಉಪ್ಪುಕಾಗದ,
ಮೂರು ಪದರ ಪಾಲಿಷ್, ನಾಲ್ಕು ದಿನ,
ನಾಯಿಯನ್ನು ಬೇರೆಡೆ ಇಡುವುದು ನಿಮ್ಮ ಜವಾಬ್ದಾರಿ.
ಕಡೆಗೆ: ಕಡಿತ, ಎಂಬತ್ತು ಡಾಲರ್.
"ಇದು ಯಾಕೆ?"
ನಲವತ್ತೆರಡು ವರ್ಷದ ಬಡ್ಡಿ ಸೇರಿಸಿದರೆ ಕಮ್ಮಿಯೇ ಆಯಿತು.
ಅಲ್ಲಿ ಕೆಲಸ ಕಡಿಮೆ, ಅಂದೆ.

ಹೊರಡುವಾಗ ಸುತ್ತ ನೋಡಿದೆ.
ಗಾಳಿ ತುಂಬಿದ ಎರಡು ಹಾಸಿಗೆ, ಪೆಟ್ಟಿಗೆಗಳು,
ಪೆಟ್ಟಿಗೆಯ ಮೇಲೆ ಕೂತ ನಾಯಿ.
ಬೂದಿಬಣ್ಣದ್ದಲ್ಲ, ಕಂದು.
ನಿಮ್ಮಲ್ಲಿ ಒಂದು ಕುರ್ಚಿ ಇದೆಯೇ?
"ಇನ್ನೂ ಇಲ್ಲ."
ಬೇಗ ಒಂದು ತನ್ನಿ, ಅಂದೆ.
ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ.